ಸೊನ್ನೆಯಾಗದ ಸಾಲು

ಬೆಳಗಿನ ಉಗ್ಗಾನಿ ತಟ್ಟೆಗಳನ್ನು ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ವೀರಬಸಮ್ಮ ಯಂತ್ರದ ಮುಂದೆ ಕುಳಿತಳೆಂದರೆ ಆ ಮನೆಯಲ್ಲಿ ಯಾರೂ ಅವಳ ತಂಟೆಗೆ ಹೋಗುತ್ತಿರಲಿಲ್ಲ. ಮಾವ ಸೋಮಶೇಖರಪ್ಪನವರು ಆದೋನಿಯ ಹತ್ತಿ ಪೇಟೆಯಲ್ಲಿ ಹೆಸರು ಮಾಡಿದವರು, ಸ್ವಂತ ಜಿನ್ನಿಂಗ್ ಗಿರಣಿ ಇದ್ದವರು. ಅಂಥವರು ಕೂಡ ಪಡಸಾಲೆ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ಅತ್ತೆ ಮಹಾಂತಮ್ಮ ಮಾತ್ರ ಆಗಾಗ ಬಂದು ಬಾಗಿಲಿಗೆ ಒರಗಿ ನಿಂತು, ನೋಡಿ, ಏನೂ ಅನ್ನದೆ ಒಳಗೆ ಹೋಗುತ್ತಿದ್ದರು. ಆ ಏನೂ ಅನ್ನದಿರುವುದೇ ವೀರಬಸಮ್ಮನಿಗೆ ಭಯ.

ಯಂತ್ರ ಗಿರಣಿಯ ಆಫೀಸಿನದು. ಲೆಕ್ಕ ಮಾಡುವ ಕಬ್ಬಿಣದ ಪೆಟ್ಟಿಗೆ. ಮೇಲೆ ಸಾಲಾಗಿ ಎಳೆಗುಂಡಿಗಳು. ಬೇಕಾದ ಅಂಕಿಗೆ ಎಳೆದಿಟ್ಟು ಬಲಗಡೆಯ ಹಿಡಿಕೆಯನ್ನು ಮುಂದಕ್ಕೆ ಒಂದು ಸುತ್ತು ಹಾಕಿದರೆ ಕೆಳಗಿನ ಪುಟ್ಟ ಕಿಟಕಿಗಳಲ್ಲಿ ಆ ಅಂಕಿ ಕೂಡುತ್ತದೆ, ಹಿಂದಕ್ಕೆ ಹಾಕಿದರೆ ಕಳೆಯುತ್ತದೆ. ಪಕ್ಕದಲ್ಲಿ ಕಿವಿಯ ಹಾಗಿರುವ ತಿರುಪನ್ನು ತಿರುವಿದರೆ ಎಲ್ಲ ಕಿಟಕಿಯಲ್ಲೂ ಸೊನ್ನೆ. ಬೇಸಿಗೆಯಲ್ಲಿ ಗಿರಣಿಗೆ ಕೆಲಸ ಕಡಿಮೆ ಎಂದು ಸೋಮಶೇಖರಪ್ಪನವರೇ ಅದನ್ನು ಜಟಕಾದಲ್ಲಿ ಹಾಕಿಸಿ ಮನೆಗೆ ಕಳಿಸಿದ್ದರು. ಸೊಸೆ ಅನಂತಪುರದ ಕಾಲೇಜಿನಲ್ಲಿ ಗಣಿತ ಓದಿ ಬಂದವಳು ಎನ್ನುವುದು ಅವರಿಗೆ ಒಳಗೊಳಗೇ ಹೆಮ್ಮೆ. ಪೇಟೆಯಲ್ಲಿ ಸೇರು ಮಣ ಹೋಗಿ ಕಿಲೋ ಬರುತ್ತದಂತೆ ಎಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದ ವರ್ಷ ಅದು. "ನಮ್ಮ ಸೊಸೀಗೆ ಕೇಳ್ರಿ, ಬಾಯಾಗ ಹೇಳ್ತಾಳ" ಎಂದು ಅವರು ಪೇಟೆಯಲ್ಲಿ ಕೂತು ಜಂಬ ಕೊಚ್ಚಿದ್ದು ಮನೆಗೂ ಗೊತ್ತಾಗಿತ್ತು.

ಆದರೆ ಈಗ ಅವಳ ಮುಂದಿದ್ದ ಲೆಕ್ಕ ಹತ್ತಿಯದಲ್ಲ. ಕಡಲಿನಲ್ಲಿ ಸ್ಕ್ವಿಡ್ ಅಂತ ಒಂದು ಪ್ರಾಣಿ, ಅದರ ಒಂದು ನರ ದಾರದಷ್ಟು ದಪ್ಪ. ಆ ನರದ ಪೊರೆಯ ಮೇಲೆ ಇಂಗ್ಲೆಂಡಿನ ವಿಜ್ಞಾನಿಗಳು ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಬಿಗಿಹಿಡಿದು, ಪೊರೆಯನ್ನು ದಾಟುವ ಕರೆಂಟು ಅಳೆದು, ಅದಕ್ಕೆ ಸಮೀಕರಣ ಬರೆದಿದ್ದರು. ಆ ಸಮೀಕರಣ ಕೈಯಲ್ಲಿದ್ದರೆ ಪ್ರಾಣಿಯೂ ಬೇಡ, ನರವೂ ಬೇಡ. ಕಾಗದದ ಮೇಲೇ ವೋಲ್ಟೇಜನ್ನು ಬಿಗಿಹಿಡಿದು ಯಾವ ಗಳಿಗೆಯಲ್ಲಿ ಎಷ್ಟು ಕರೆಂಟು ಎಂದು ಲೆಕ್ಕ ಹಾಕಬಹುದು. ವೀರಬಸಮ್ಮ ಮಾಡುತ್ತಿದ್ದುದು ಅದನ್ನೇ.

"ಸಮುದ್ರದ ಪ್ರಾಣೀನ? ಶಿವಶಿವಾ, ಅದನ್ನ ಮನಿಯೊಳಗ ತರಬ್ಯಾಡ್ರಪ್ಪ" ಎಂದಿದ್ದರು ಮಹಾಂತಮ್ಮ ಮೊದಲ ದಿನ.

"ಪ್ರಾಣಿ ಬರಂಗಿಲ್ಲ ಅತ್ತಿ, ಬರೇ ಅದರ ಲೆಕ್ಕ ಬರ್ತೈತಿ" ಎಂದಿದ್ದಳು ಸೊಸೆ. ಗಂಡ ಪಂಚಾಕ್ಷರಯ್ಯ ಮದ್ರಾಸಿನ ಸಂಶೋಧನಾಲಯದಲ್ಲಿ ದಿನಾ ಕಪ್ಪೆ ಕೊಯ್ಯುತ್ತಾನೆ ಎನ್ನುವ ಸಂಗತಿಯನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಮನೆಯಲ್ಲಿ ಮುಚ್ಚಿಟ್ಟಿದ್ದರು. ಮಗ 'ಕರೆಂಟಿನ ವಿಷಯ' ಓದುತ್ತಾನೆ ಎಂದಷ್ಟೇ ತಾಯಿಗೆ ಗೊತ್ತು.

ಈ ಪಂಚಾಕ್ಷರಯ್ಯನಿಗೆ ಮದ್ರಾಸಿನಲ್ಲಿ ಇನ್ನೂ ಎರಡು ವರ್ಷದ ಕೆಲಸ. ಮದುವೆಯಾಗಿ ವರ್ಷವೂ ತುಂಬಿಲ್ಲ, ಹಬ್ಬಕ್ಕೊಮ್ಮೆ ಬಂದು ಹೋಗುವ ಗಂಡ, ನೆಟ್ಟಗೆ ನಾಲ್ಕು ಮಾತಾಡುವಷ್ಟರಲ್ಲಿ ರೈಲಿನ ಹೊತ್ತು. ವೀರಬಸಮ್ಮನಿಗೆ ಅವನ ಜೊತೆ ಹೋಗಬೇಕೆಂಬ ಆಸೆ ಎದೆಯ ತುಂಬ ಇತ್ತು. ಅದನ್ನು ಮಾವನ ಮುಂದೆ ಹೇಗೆ ಹೇಳುವುದು? ಕೊನೆಗೆ ಗಂಡನೇ ಒಂದು ದಾರಿ ತಂದ. ಅವನ ಪ್ರೊಫೆಸರಿಗೆ ಈ ಲೆಕ್ಕ ಮಾಡುವವರು ಬೇಕಾಗಿದ್ದರು. ಒಂದು ಪಟ್ಟಿ ಮಾಡಿ ಕಳಿಸಲಿ, ಸರಿಯಾಗಿದ್ದರೆ ಸಂಶೋಧನಾಲಯದಲ್ಲೇ ಕೆಲಸ ಕೊಡುತ್ತೇನೆ ಎಂದಿದ್ದರು ಅವರು.

ಸೋಮಶೇಖರಪ್ಪನವರು ಕೇಳಿ, ಬಹಳ ಹೊತ್ತು ಮೀಸೆ ನೇವರಿಸಿಕೊಂಡು ಹೇಳಿದ್ದರು: "ನೌಕರಿ ಆತು ಅಂದ್ರ ಹೋಗ್ಲಿ. ಇಲ್ಲಾಂದ್ರ ಮಂದಿ ನನ್ನ ಕೇಳ್ತಾರ, ಒಂದ ಮಗ, ಸೊಸಿ ಬಂದು ವರ್ಷ ಆಗಿಲ್ಲ, ಆಗ್ಲೇ ಬ್ಯಾರೆ ಸಂಸಾರ ಏನಂತ. ಅವರ ಬಾಯಿ ಮುಚ್ಚಾಕ ನನಗೊಂದು ಕಾರಣ ಬೇಕಲ್ಲಪ್ಪ." ಮಹಾಂತಮ್ಮ ಆವತ್ತೂ ಏನೂ ಅಂದಿರಲಿಲ್ಲ. ಎಮ್ಮೆ ಕರೆಯಲು ಎದ್ದು ಹೋಗಿದ್ದರು.

ಹಾಗಾಗಿ ಇಡೀ ಮದ್ರಾಸು ಈ ಪಟ್ಟಿಯ ಮೇಲೆ ನಿಂತಿತ್ತು. ಪಂಚಾಕ್ಷರಯ್ಯ ಅದನ್ನು ಒಯ್ಯಲೆಂದೇ ಬಂದಿದ್ದ; ಶುಕ್ರವಾರದ ಮದ್ರಾಸ್ ಮೇಲ್ ರೈಲಿಗೆ ಹೊರಡಬೇಕು. ಬಂದವನು ಹೆಂಡತಿಗೆ ನೆರವಾಗುತ್ತೇನೆಂದು ಪಕ್ಕದಲ್ಲಿ ಕೂತು, ಮೊದಲ ದಿನವೇ ಮಿಲಿವೋಲ್ಟನ್ನು ವೋಲ್ಟು ಮಾಡುವಾಗ ಸೊನ್ನೆಯನ್ನು ತಪ್ಪು ಕಡೆ ಸೇರಿಸಿದ. ಆ ಲೆಕ್ಕದಂತೆ ಆ ಬಡ ಪ್ರಾಣಿಯ ನರದಲ್ಲಿ ಇಡೀ ಆದೋನಿಗೆ ದೀಪ ಹಚ್ಚುವಷ್ಟು ಕರೆಂಟು ಹರಿಯುತ್ತಿತ್ತು.

"ನೀವು ದೂರ ಕುಂದರ್ರಿ. ಬೀಸಣಿಗಿ ಬೀಸ್ರಿ ಸಾಕು" ಎಂದಳು ವೀರಬಸಮ್ಮ. ಅವನು ಅಷ್ಟನ್ನು ಚೆನ್ನಾಗಿಯೇ ಮಾಡಿದ.

ಪ್ರೊಫೆಸರು ಕೊಟ್ಟ ಅಳತೆಗಳೂ ಸಲೀಸಾಗಿರಲಿಲ್ಲ. ಒಂದು ಓಮಿನಲ್ಲಿ, ಇನ್ನೊಂದು ಓಮನ್ನೇ ತಲೆಕೆಳಗು ಮಾಡಿದ ಮೋ ಎಂಬ ಅಳತೆಯಲ್ಲಿ. ಒಂದು ಕಡೆ ಆಂಪಿಯರು, ಇನ್ನೊಂದು ಕಡೆ ಅದರ ಹತ್ತು ಲಕ್ಷದ ಒಂದು ಪಾಲಾದ ಮೈಕ್ರೋಆಂಪಿಯರು. ವಿಸ್ತೀರ್ಣ ಚದರ ಮಿಲಿಮೀಟರಿನಲ್ಲಿ. ಎಲ್ಲವನ್ನೂ ಚದರ ಸೆಂಟಿಮೀಟರಿಗೆ ಇಷ್ಟು ಮೈಕ್ರೋಆಂಪಿಯರು ಎಂಬ ಒಂದೇ ಅಳತೆಗೆ ತರಬೇಕು. ತಂದ ಮೇಲೆ ಮೊದಲ ಸಾಲು ಪರೀಕ್ಷೆಯ ಸಾಲು. ನರ ಏನೂ ಮಾಡದೆ ಸುಮ್ಮನೆ ವಿಶ್ರಾಂತಿಯಲ್ಲಿದ್ದಾಗ ಪೊಟ್ಯಾಶಿಯಂ ಕರೆಂಟು ನಾಲ್ಕು ಚಿಲ್ಲರೆ ಹೊರಗೆ ಹೋಗುತ್ತದೆ, ಸೋಡಿಯಂ ಒಂದು ಚಿಲ್ಲರೆ ಒಳಗೆ ಬರುತ್ತದೆ, ಸೋರಿಕೆ ಅಂತ ಇನ್ನೊಂದು ಮೂರು ಚಿಲ್ಲರೆ ಒಳಗೆ ಬರುತ್ತದೆ. ಮೂರೂ ಕೂಡಿದರೆ ಸೊನ್ನೆ ಆಗಲೇಬೇಕು. ಆಗದಿದ್ದರೆ ಮುಂದಿನ ಯಾವ ಸಾಲನ್ನೂ ನಂಬುವ ಹಾಗಿಲ್ಲ. ಪ್ರೊಫೆಸರು ಮೊದಲು ನೋಡುವುದೂ ಅದನ್ನೇ ಎಂದು ಪಂಚಾಕ್ಷರಯ್ಯ ಮೊದಲೇ ಹೇಳಿದ್ದ.

ಆ ಸಾಲು ಸೊನ್ನೆಯಾಗಲಿಲ್ಲ.

ಮುಂದಕ್ಕೆ ತಿರುಗಿಸಿದ್ದಾಯಿತು, ಹಿಂದಕ್ಕೆ ತಿರುಗಿಸಿದ್ದಾಯಿತು, ಕೊನೆಗೆ ನೋಡಿದರೆ ಕಿಟಕಿಗಳಲ್ಲಿ ನಟ್ಟ ನಡುವೆ ಒಂದು 'ಒಂದು' ಉಳಿದುಕೊಂಡು ಕುಳಿತಿದೆ. ಮೈಕ್ರೋಆಂಪಿಯರಿನ ಹತ್ತನೇ ಒಂದು ಪಾಲು. ಸಣ್ಣದೇನೋ ಹೌದು. ಆದರೆ ಸೊನ್ನೆ ಆಗಬೇಕಾದಲ್ಲಿ ಸಣ್ಣದು ದೊಡ್ಡದು ಅಂತ ಉಂಟೇ?

ಯಂತ್ರ ಸುಳ್ಳು ಹೇಳುವುದಿಲ್ಲ, ತಪ್ಪು ಕಾಗದದಲ್ಲೇ ಇದೆ ಎಂದು ವೀರಬಸಮ್ಮ ಕಿವಿ ತಿರುವಿ ಯಂತ್ರವನ್ನು ಸೊನ್ನೆ ಮಾಡಿ, ಕಾಗದ ಹಿಡಿದು ಎದ್ದಳು. ಅಡುಗೆಮನೆಯಲ್ಲಿ ಬೇಳೆ ಬೇಯುವ ತನಕ ಪರಿವರ್ತನೆಗಳನ್ನೆಲ್ಲ ತಿರುಗಿ ಮಾಡಿದಳು. ಒಂದೂ ತಪ್ಪಿರಲಿಲ್ಲ. ಊಟವಾದ ಮೇಲೆ ಬಂದು, ಸೊನ್ನೆ ಮಾಡಿಟ್ಟೇ ಹೋಗಿದ್ದೆನಲ್ಲ ಎಂದು, ಅದೇ ಸಾಲನ್ನು ಮತ್ತೆ ತಿರುಗಿಸಿದಳು. ಮತ್ತೆ ಅದೇ ಒಂದು. ಸಂಜೆ ಎಮ್ಮೆಗೆ ಹಿಂಡಿ ಕಲಸಿಟ್ಟು ಬಂದು ತಿರುಗಿಸಿದಳು. ಆಗಲೂ ಅಲ್ಲೇ ಇತ್ತು, ಮಾವನ ಮನೆಗೆ ಬಂದ ಅಳಿಯನ ಹಾಗೆ ನಡುಮನೆಯಲ್ಲಿ ಕಾಲು ಚಾಚಿಕೊಂಡು.

"ಇರ್ಲಿ ಬಿಡು, ಇಷ್ಟರಾಗ ಏನು ಪ್ರಳಯ ಆಗ್ತೈತಿ? ಪರವಾಲೇದು" ಎಂದ ಪಂಚಾಕ್ಷರಯ್ಯ ಮಂಗಳವಾರ ಬೆಳಿಗ್ಗೆ.

"ಏನು ಪರವಾಲೇದು? ನಿಮಗೇನು, ರೈಲು ಹತ್ತಿ ಹೋಗ್ತೀರಿ. ಇಲ್ಲಿ ಬಾಗ್ಲಾಗ ನಿಂತು ಪೋಸ್ಟ್‌ಮನ್ ದಾರಿ ಕಾಯಾಕಿ ನಾನು." ಅವಳ ಕಣ್ಣು ತುಂಬಿದವು. ಬೀಸಣಿಗೆ ಬೀಸುತ್ತಿದ್ದ ಕೈ ನಿಂತಿತು. ಅವನು ಪಾಪದವನು. ಹೆಂಡತಿ ಜೊತೆಗಿರಲಿ ಎಂಬ ಆಸೆ ಅವನಿಗೂ ಅಷ್ಟೇ ಇತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ ಅಷ್ಟೆ.

"ಹಂಗಲ್ಲ ವೀರಾ. ಬ್ಯಾರೆ ಥರಾ ನೋಡೋಣು ನಡಿ" ಎಂದ ಮೆಲ್ಲಗೆ.

ಬುಧವಾರ ಅವಳು ಬೇರೆ ಥರವೇ ನೋಡಿದಳು. ಚದರ ಸೆಂಟಿಮೀಟರಿನ ಲೆಕ್ಕ ಬಿಟ್ಟು, ಪ್ರೊಫೆಸರು ಕೊಟ್ಟ ಇಡೀ ನರದ ತುಂಡಿಗೆ ಲೆಕ್ಕ ಹಿಡಿದಳು. ಅದರ ಮೈ ಚದರ ಸೆಂಟಿಮೀಟರಿನ ಮೂರನೇ ಒಂದು ಪಾಲಿನಷ್ಟು. ಹಾಗಾಗಿ ಎಲ್ಲ ಕರೆಂಟೂ ಮೂರನೇ ಒಂದು ಪಾಲಿಗೆ ಇಳಿಯಬೇಕು, ಉಳಿದ ಆ ಹಾಳು ಒಂದೂ ಇಳಿಯಬೇಕು. ಬೆಳಗಿನ ಕೆಲಸ ಮುಗಿಸಿ ಬಂದು ಹಿಡಿಕೆ ತಿರುಗಿಸಿದಳು. ಪೊಟ್ಯಾಶಿಯಂ ಇಳಿಯಿತು, ಸೋಡಿಯಂ ಇಳಿಯಿತು, ಸೋರಿಕೆಯೂ ಇಳಿಯಿತು. ಕೊನೆಗೆ ಕಿಟಕಿಯಲ್ಲಿ ನೋಡಿದರೆ ಅದೇ ಜಾಗ, ಅದೇ ಒಂದು.

ವೀರಬಸಮ್ಮ ಹಿಡಿಕೆ ಬಿಟ್ಟು ನೆಟ್ಟಗೆ ಕುಳಿತಳು.

"ರೀ, ಇಲ್ಲಿ ಬರ್ರಿ. ಇದು ಅಳತೀ ತಪ್ಪಲ್ಲ."

"ಹೆಂಗ ಹೇಳ್ತಿ?"

"ಅಳತೀ ತಪ್ಪಾಗಿದ್ರ, ಅಳತೀ ಬದಲಾದ ಕೂಡ್ಲೇ ತಪ್ಪೂ ಬದಲಾಗಬೇಕಲ್ಲ? ಸೇರಿನ್ಯಾಗ ತಪ್ಪಿದ್ದು ಕಿಲೋದಾಗ ಅಷ್ಟೇ ಅಂಕಿ ಇರಾಕ ಆಗತೈತೇನು? ಇದು ಜಾಗ ಬಿಟ್ಟು ಅಲುಗಾಡವಲ್ದು. ಇದಕ್ಕ ನರದ ಸಂಬಂಧನ ಇಲ್ಲ. ಯಾವುದೋ ಒಂದು 'ಒಂದು' ಮೊದ್ಲ ಇದರಾಗ ಬಂದು ಕುಂತೈತಿ."

ಪಂಚಾಕ್ಷರಯ್ಯ ಹೆಂಡತಿಯ ಮುಖವನ್ನೇ ನೋಡಿದ. ಪ್ರೊಫೆಸರಿಗೂ ಇದು ಇಷ್ಟು ಬೇಗ ಹೊಳೆಯುತ್ತಿರಲಿಲ್ಲ ಎನಿಸಿತು ಅವನಿಗೆ, ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ. "ಯಂತ್ರ ಕೆಟ್ಟಿರಬೇಕು ಹಂಗಾದ್ರ" ಎಂದ.

ಕೆಟ್ಟ ಯಂತ್ರವೆಂದರೆ ಇನ್ನೂ ಕಷ್ಟ. ರಿಪೇರಿಗೆ ಮದ್ರಾಸಿಗೇ ಕಳಿಸಬೇಕು, ಶುಕ್ರವಾರದೊಳಗೆ ಆಗುವ ಮಾತೇ? ವೀರಬಸಮ್ಮ ಕಿವಿ ತಿರುವಿ ಎಲ್ಲ ಸೊನ್ನೆ ಮಾಡಿದಳು. ಅಲ್ಲೇ ಕೂತು ನೋಡಿದಳು. ಸೊನ್ನೆ ಸೊನ್ನೆಯಾಗಿಯೇ ಇತ್ತು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿದ ವಾಸನೆ ಬಂತು, ಅಯ್ಯಯ್ಯೋ ಎಂದು ಎದ್ದು ಓಡಿದಳು.

ಹಾಲಿನ ಪಾತ್ರೆ ಇಳಿಸಿ ಒಲೆ ಒರೆಸುತ್ತಿದ್ದಾಗ ಪಡಸಾಲೆಯಿಂದ ಒಂದು ಸದ್ದು ಬಂತು. ಹಿಡಿಕೆ ಒಂದು ಸುತ್ತು ಸುತ್ತಿ ನಿಂತ ಸದ್ದು. ಗಂಡನೇನೋ ಎಂದು ನೋಡಿದರೆ ಅವನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ. ಬಾಗಿಲ ಸಂದಿಯಿಂದ ಇಣುಕಿದಳು.

ಮಹಾಂತಮ್ಮ ಯಂತ್ರದ ಮುಂದೆ ನಿಂತಿದ್ದರು. ಎಳೆದಿದ್ದ ನಡುವಿನ ಗುಂಡಿಯನ್ನು ಜೋಪಾನವಾಗಿ ಮೊದಲಿನ ಜಾಗಕ್ಕೆ ತಳ್ಳಿ, ಯಂತ್ರವನ್ನು ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡರು.

ವೀರಬಸಮ್ಮನಿಗೆ ಮೈಯೆಲ್ಲ ಉರಿಯಿತು. ಇದಾ ಸಂಗತಿ! ಬಾಗಿಲಿಗೆ ಒರಗಿ ನಿಂತು ನೋಡಿದ್ದು, ಬಾಯಿ ಬಿಡದೆ ಇದ್ದದ್ದು ಎಲ್ಲ ಇದಕ್ಕೇ. ಸೊಸೆ ಮನೆ ಬಿಟ್ಟು ಹೋಗಬಾರದು ಎಂದು ಹಟ.

"ಅತ್ತೀ!"

ಮಹಾಂತಮ್ಮ ಬೆಚ್ಚಿಬಿದ್ದು ತಿರುಗಿದರು.

"ನಾನು ಹೋಗಬಾರದಂತ ಇದ್ರ ಬಾಯಿ ಬಿಟ್ಟು ಹೇಳ್ರಿ. ಮಾವನ ಹತ್ರ ನಾನ ಹೇಳ್ತೀನಿ, ಹೋಗಂಗಿಲ್ಲಂತ. ಮೂರು ದಿನದಿಂದ ನನ್ನ ಲೆಕ್ಕಕ್ಕ ಕಲ್ಲು ಹಾಕಾಕತ್ತೀರಲ್ಲ, ನಾನು ಅಂಥಾದ್ದೇನು ಮಾಡಿದ್ದೆ ನಿಮಗ?" ಮಾತು ಮುಗಿಯುವ ಮೊದಲೇ ಅಳು ಬಂತು.

"ಕಲ್ಲಾ? ನಾನ್ಯಾಕ ಕಲ್ಲು ಹಾಕ್ಲಿ ಯವ್ವಾ?" ಮಹಾಂತಮ್ಮ ಗಾಬರಿಯಾದರು. "ಒಂದರ ಅಂಕಿ ಹಾಕೀನಿ. ನೀ ಏಳುವಾಗೆಲ್ಲ ಸೊನ್ನಿ ಬಿಟ್ಟು ಏಳ್ತೀ. ನೋಡಾಕ ಆಗ್ಲಿಲ್ಲ ನನ್ನ ಕಣ್ಣಿಲೆ. ಅಳಿಯೋ ಸೇರಾಗ್ಲಿ, ಕಾಳಿನ ಗುಮ್ಮಿ ಆಗ್ಲಿ, ನಮ್ಮ ಮನಿಯಾಗ ಯಾವುದನ್ನೂ ಪೂರಾ ಖಾಲಿ ಬಿಟ್ಟು ಏಳಂಗಿಲ್ಲ, ಒಂದು ಹಿಡಿ ಬಿಡಬೇಕು. ನಿಮ್ಮ ಮಾವ ಗಿರಣಿಯಾಗ ಸಂಜೀಗೆ ಈ ಮಷೀನಿನ್ಯಾಗ ಒಂದು ಇಟ್ಟ ಬೀಗ ಹಾಕ್ತಾರ. ಕೇಳು ಬೇಕಾದ್ರ."

"ಅದಕ್ಕ…"

"ಅದಕ್ಕ ಮತ್ತ. ಬರೇ ಸೊನ್ನಿ ಮ್ಯಾಲ ನಿಂತ ಕೆಲಸ ಕೈಗೂಡಂಗಿಲ್ಲಂತ, ನೀ ಒಳಗ ಹೋದಾಗ ಬಂದು ಒಂದು ಸುತ್ತು ತಿರುವಿ ಹೋಗ್ತಿದ್ದೆ. ನಿನ್ನ ಕೆಲಸ ಆಗ್ಲಿ ಅಂತ. ನೀ ಹೋಗ್ಲಿ ಅಂತ."

ವೀರಬಸಮ್ಮ ಅಳು ನಿಲ್ಲಿಸಿದಳು. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅತ್ತೆಯ ಮುಖ ನೋಡಿದಳು. "ನಾನು ಹೋಗ್ಲಿ ಅಂತ ಐತೇನು ನಿಮ್ಮ ಮನಸಿನ್ಯಾಗ?"

ಮಹಾಂತಮ್ಮ ಕಡಪಾ ಕಲ್ಲಿನ ನೆಲದ ಮೇಲೆ ಕೂತರು, ಸೊಸೆಯನ್ನೂ ಕೈ ಹಿಡಿದು ಕೂರಿಸಿದರು. "ನಿನಗ ಗೊತ್ತಿಲ್ಲ. ನಾನು ಮದುವಿ ಆದ ಹೊಸತರಾಗ ನಿಮ್ಮ ಮಾವ ಬೊಂಬಾಯಿಯಾಗ ಇದ್ರು, ಹತ್ತಿ ದಲಾಲಿ ಕಲಿಯಾಕ. ನಾನು ಪೆದ್ದಕಡುಬೂರಿನ ಮನಿಯಾಗ, ಅತ್ತಿ ಮಾವನ ಜೊತೀಲೆ. ಯುಗಾದಿಗೊಮ್ಮೆ ಬರ್ತಿದ್ರು, ಶಿವರಾತ್ರಿಗೊಮ್ಮೆ ಬರ್ತಿದ್ರು. ಬಂದಾಗ ಮನಿ ತುಂಬ ಮಂದಿ. ನನ್ನ ಹರೇದ ವರ್ಷೆಲ್ಲ ಬಾಗಲಾ ನೋಡೋದರಾಗ ಹೋದವು. ಯಾರಿಗೆ ಹೇಳ್ಲಿ? ಹೇಳಿದ್ರ ಏನಂತಾರ? ನಿನಗ ಅದು ಬ್ಯಾಡ."

ವೀರಬಸಮ್ಮ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಇನ್ನೊಮ್ಮೆ ಅತ್ತಳು. ಈ ಸಲದ ಅಳುವಿಗೆ ಬೇರೆಯೇ ಹಗುರವಿತ್ತು. ಹಿತ್ತಲಿಂದ ಬಂದ ಪಂಚಾಕ್ಷರಯ್ಯ ಟವೆಲ್ಲಿನಿಂದ ಮುಖ ಒರೆಸುತ್ತ ನಿಂತು, ಏನೂ ತಿಳಿಯದೆ, ಯಾರಿಗಾದರೂ ಇರಲಿ ಎಂದು ಬೀಸಣಿಗೆ ಎತ್ತಿಕೊಂಡ.

ಆಮೇಲೆ ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಕಿಟಕಿಗಳನ್ನೆಲ್ಲ ಸೊನ್ನೆ ಮಾಡಿ, ವೀರಬಸಮ್ಮ ಆ ಸಾಲನ್ನು ತಿರುಗಿಸಿದಳು. ಹೊರಗೆ ಹೋಗುವುದು ಮುಂದಕ್ಕೆ, ಒಳಗೆ ಬರುವುದು ಹಿಂದಕ್ಕೆ. ಒಂದೊಂದೇ ಕಿಟಕಿ ಸೊನ್ನೆಗಿಳಿದು, ಕೊನೆಯ ಸುತ್ತಿಗೆ ಪೂರ್ತಿ ಸಾಲು ಸೊನ್ನೆಯಾಯಿತು. ಅವಳು ಚಪ್ಪಾಳೆ ತಟ್ಟಿದಳು, ಪಂಚಾಕ್ಷರಯ್ಯ "ಭೇಷ್!" ಎಂದು ಕೂಗಿದ. ಮಹಾಂತಮ್ಮ ಮಾತ್ರ ಮುಖ ಸಿಂಡರಿಸಿಕೊಂಡೇ ಇದ್ದರು.

"ಇಷ್ಟೊತ್ತು ತಿರುವಿ ತಿರುವಿ ಕಡೀಗೆ ಏನೂ ಇಲ್ಲಲ್ಲ. ಇದಕ್ಕೇನು ಖುಷಿ?"

"ಹೋಗಿದ್ದು ಬಂದಿದ್ದು ಸರಿ ಆದ್ರ ನರ ಆರಾಮ ಐತಿ ಅಂತ ಅರ್ಥ ಅತ್ತಿ."

"ಆರಾಮ ಇದ್ರ ಸರಿ ಬಿಡು" ಎಂದರು ಮಹಾಂತಮ್ಮ. ಕಡಲಿನ ಪ್ರಾಣಿಯಾದರೇನು, ಅದೂ ಜೀವವೇ.

ಆ ದಿನ ಮತ್ತು ಮರುದಿನ ವೀರಬಸಮ್ಮನನ್ನು ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ ಅತ್ತೆ. ರೊಟ್ಟಿ ತಟ್ಟಿದ್ದು ಅವರೇ, ನೀರು ಸೇದಿದ್ದು ಅವರೇ. ಸೊಸೆ ತಿರುಗಿಸುತ್ತ ಹೋದಳು, ಪಂಚಾಕ್ಷರಯ್ಯ ಅಂಕಿ ಬರೆದುಕೊಳ್ಳುತ್ತ ಹೋದ, ಬರೆದದ್ದನ್ನು ಅವಳು ಇನ್ನೊಮ್ಮೆ ನೋಡಿದಳು. ವೋಲ್ಟೇಜನ್ನು ಮೇಲೇರಿಸಿ ಬಿಗಿಹಿಡಿದ ಕೂಡಲೇ ಸೋಡಿಯಂ ಕರೆಂಟು ಒಳಗೆ ನುಗ್ಗಿ ತಗ್ಗುವುದು, ಆಮೇಲೆ ಪೊಟ್ಯಾಶಿಯಂ ನಿಧಾನಕ್ಕೆ ಹೊರಗೆ ಹೊರಡುವುದು, ಎಲ್ಲ ಸಾಲು ಸಾಲಾಗಿ ಮೂಡಿಬಂತು. ಗುರುವಾರ ಮಧ್ಯಾಹ್ನಕ್ಕೆ ಪಟ್ಟಿ ಮುಗಿಯಿತು. ಅವಳ ಬಲಗೈ ಹೆಗಲಿನ ತನಕ ನೋಯುತ್ತಿತ್ತು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಹತ್ತಿ ವ್ಯಾಪಾರಕ್ಕೆಂದು ಪತ್ತಿಕೊಂಡಕ್ಕೆ ಹೋಗಿದ್ದ ಸೋಮಶೇಖರಪ್ಪನವರು ಆವತ್ತೇ ಊಟದ ಹೊತ್ತಿಗೆ ಬಂದರು. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ತಟ್ಟೆಯ ಮುಂದೆ ಕುಳಿತು ಪಟ್ಟಿಯನ್ನು ತಿರುವಿ ನೋಡಿ, "ಬಹಳ ಛಲೋ ಆಗೈತಿ" ಎಂದರು, ಒಂದಕ್ಷರ ತಿಳಿಯದಿದ್ದರೂ. "ಪ್ರೊಫೆಸರು ಹ್ಞೂಂ ಅಂದು ಕಾಗದ ಬರೀಲಿ, ಆಷಾಢ ಕಳದ ಮ್ಯಾಲ ಕಳಸೋಣು."

ರೊಟ್ಟಿ ಬಡಿಸುತ್ತಿದ್ದ ಮಹಾಂತಮ್ಮ ಅಲ್ಲೇ ನಿಂತರು. "ಆಕಿ ನಾಳೆ ಹೋಗ್ತಾಳ, ಪಂಚಾನ ಜೊತೀಲೆ."

"ಕಾಗದ ಬರಬೇಕಲ್ಲ?"

"ಬರ್ಲಿ, ಬಿಡ್ಲಿ. ಆಕಿ ಹೋಗ್ತಾಳ."

"ಮಾತು ಹಂಗಾಗಿರಲಿಲ್ಲ ನೋಡು. ಮಂದಿ ಕೇಳಿದ್ರ…"

"ಮಂದಿ ನನ್ನ ಕೇಳ್ಲಿ. ಮುಂದಿನ ಸುಗ್ಗಿಗೆ ಬೊಂಬಾಯಿಗೆ ಕರಕೊಂಡು ಹೋಗ್ತೀನಿ ಅಂದಿದ್ರಿ ನೀವು ನನಗ. ಎಷ್ಟು ಸುಗ್ಗಿ ಹೋದವು, ನೆನಪೈತೇನ್ರಿ? ನನಗ ಐತಿ."

ಮಗ ತಟ್ಟೆ ನೋಡುತ್ತ ಕುಳಿತ, ವೀರಬಸಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಮಹಾಂತಮ್ಮ ಗಂಡನೆದುರು ಹೀಗೆ ಮಾತಾಡಿದ್ದನ್ನು ಆ ಮನೆ ಕಂಡೇ ಇರಲಿಲ್ಲ.

ಸೋಮಶೇಖರಪ್ಪನವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಒಂದು ಮಾತು ಹೇಳಬೇಕಾಗಿತ್ತು ನೀನು" ಎಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ.

"ಹೆಂಗ ಹೇಳ್ಲಿ? ನಿಮ್ಮ ಅಪ್ಪ ಅವ್ವ ಎದುರಿಗೇ ಕುಂತಿರ್ತಿದ್ರು."

ಅವರು ಆ ತುತ್ತನ್ನು ತಟ್ಟೆಯಲ್ಲಿಟ್ಟು ಎದ್ದರು. ಹಿತ್ತಲಿಗೆ ಹೋಗಿ ಕೈ ತೊಳೆದು, ಜಗಲಿಯ ಮೇಲೆ ಕಾಯುತ್ತಿದ್ದ ಗಿರಣಿಯ ಗುಮಾಸ್ತ ಮರಿಬಸಪ್ಪನನ್ನು ಕೂಗಿದರು. "ಮರಿಬಸಪ್ಪಾ, ಸ್ಟೇಷನ್ನಿಗೆ ಹೋಗು. ನಾಳೆ ಮದ್ರಾಸ್ ಮೇಲಿಗೆ ನಾಕು ಟಿಕೆಟ್ ತಗೊಂಡು ಬಾ."

"ನಾಕು ಯಾಕ?" ಎಂದರು ಮಹಾಂತಮ್ಮ ಒಳಗಿನಿಂದ. "ಇವರು ಇಬ್ಬರು."

"ನಾವು ಇಬ್ಬರು."

"ಅಯ್ಯ ಶಿವನೇ, ನಾವ್ಯಾಕ? ಮನಿ ಯಾರು ನೋಡ್ತಾರ? ಎಮ್ಮಿ ಯಾರು ಹಿಂಡ್ತಾರ?"

"ಮನೀಗೆ ಬೀಗ ಐತಿ. ಎಮ್ಮೀಗೆ ಮರಿಬಸಪ್ಪ ಅದಾನ." ಸೋಮಶೇಖರಪ್ಪನವರು ಒಳಗೆ ಬಂದು ಹೆಂಡತಿಯ ಎದುರು ನಿಂತರು. ಏನೋ ದೊಡ್ಡದನ್ನು ಹೇಳಲು ಹೊರಟವರಂತೆ ಬಾಯಿ ತೆರೆದು, ಅದು ಬಾರದೆ, "ಅಲ್ಲಿ ನಾಕು ದಿನ ಇದ್ದು ಬರೋಣು. ನೀ ಬಾ" ಎಂದರು.

ಮಹಾಂತಮ್ಮ ಕೈಯಲ್ಲಿದ್ದ ಬಿಸಿ ರೊಟ್ಟಿಯನ್ನು ಗಂಡನ ತಟ್ಟೆಗೆ ಹಾಕಿದರು, ಆತ ಊಟ ಬಿಟ್ಟು ಎದ್ದು ಕೈ ತೊಳೆದಾಗಿದೆ ಎನ್ನುವುದೂ ಅವರಿಗೆ ನೆನಪಿರಲಿಲ್ಲ. ಸೋಮಶೇಖರಪ್ಪನವರು ಮತ್ತೆ ಕುಳಿತು ಅದನ್ನು ಪೂರ್ತಿ ತಿಂದರು.